ಎಂಟನೆಯ ಹೆಸರು

೨ ಸೆಪ್ಟೆಂಬರ್ ೧೯೪೬, ಸೋಮವಾರ

ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. ಒಳಗೆ ಗಂಟು ಕಟ್ಟಿದೆಯಂತೆ. ಇನ್ನೂ ಕಿರುಚಿದರೆ ದನಿ ಪೂರಾ ಹೋಗುತ್ತದೆ ಎಂದರು. ಏನು ಕೆಲಸ, ಯಾಕೆ ಕಿರುಚುತ್ತೀರಿ ಎಂದು ಕೇಳಿದರು. ಮದರಾಸಿನಿಂದ ಹೊಸದಾಗಿ ಬಂದವರು, ಪಾಪ, ಇಲ್ಲಿಯ ಪದ್ಧತಿ ಗೊತ್ತಿಲ್ಲ.

ಹೇಳಿದೆ. ಹೆಸರು ಕೋದಂಡಪ್ಪ, ಎಲ್ಲಮ್ಮನಗುಡ್ಡದ ಗಣಿಯಲ್ಲಿ ಬಿಲ್ಲೆ ಗುಮಾಸ್ತ. ಕೆಳಗಿಳಿಯುವವನಿಗೆ ನಂಬರು ಹೊಡೆದ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದಾಗ ವಾಪಸು ತೆಗೆದುಕೊಂಡು ಹಲಗೆಯ ಮೊಳೆಗೆ ಹಾಕುವುದು. ಮೊಳೆ ಖಾಲಿ ಇದ್ದರೆ ಆಸಾಮಿ ಇನ್ನೂ ಭೂಮಿಯೊಳಗಿದ್ದಾನೆ ಎಂದು ಅರ್ಥ. ಕೆಳಗೆ ಬಂಡೆ ಸಿಡಿದ ದಿನ ಮಾತ್ರ ಇನ್ನೊಂದು ಕೆಲಸ. ಹೆಂಗಸರೆಲ್ಲ ಗೇಟಿಗೆ ಬಂದು ನಿಲ್ಲುತ್ತಾರೆ. ಸಂಜೆಗೆ ಪಟ್ಟಿ ಆಗುತ್ತದೆ. ನಾನು ಗೇಟಿನ ಕಲ್ಲುಕಟ್ಟೆ ಹತ್ತಿ ತೀರಿಕೊಂಡವರ ಹೆಸರು ಕರೆಯುತ್ತೇನೆ. ಕರೆದ ಹೆಸರಿನ ಮನೆಯವರು ಒಳಗೆ ಬರಬೇಕು, ಮಿಕ್ಕವರು ಮನೆಗೆ ಹೋಗಬಹುದು. ಪಕ್ಕದಲ್ಲೇ ಅದಿರು ಕುಟ್ಟುವ ಮಿಲ್ಲು. ಅದು ಯಾರು ಸತ್ತರೂ ನಿಲ್ಲುವುದಿಲ್ಲ. ಅದರ ಸದ್ದಿನ ಮೇಲೆ ಕೂಗಬೇಕು. ಇಪ್ಪತ್ತೆರಡು ವರ್ಷವಾಯಿತು.

ಡಾಕ್ಟರು, ಮಾತು ಕಡಿಮೆ ಮಾಡಿ ಎಂದರು. ನಗು ಬಂತು. ಇದಕ್ಕಿಂತ ಕಡಿಮೆ ಮಾಡುವುದು ಹೇಗೆ? ನಿನ್ನೆ ಇಡೀ ದಿನ ನನ್ನ ಬಾಯಿಂದ ಬಂದದ್ದು ಅಂಗಡಿಯಲ್ಲಿ ‘ಅರ್ಧ ಸೇರು ಅಕ್ಕಿ’ ಎಂಬ ಮೂರು ಮಾತು.

ಬರೆಯುವುದಕ್ಕೆ ಗಂಟಲು ಬೇಡ. ಆಫೀಸಿನ ಹಳೆಯ ಹಾಜರಿ ಪುಸ್ತಕ ಒಂದು ಮನೆಯಲ್ಲಿ ಬಿದ್ದಿತ್ತು. ಅದರ ಹಿಂಬದಿಯಲ್ಲಿ ಗೀಚುತ್ತಿದ್ದೇನೆ. ಯಾರು ಓದಬೇಕು?

೫ ಸೆಪ್ಟೆಂಬರ್, ಗುರುವಾರ

ಗಣಿಯ ಇಂಗ್ಲಿಷ್ ದೊರೆ ಕರೆಸಿದ್ದ. ಗೇಟಿಗೆ ಮೈಕು, ಹಾರ್ನು ಹಾಕಿಸುತ್ತಾನಂತೆ. ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಮಿಲಿಟರಿಯವರ ಸಾಮಾನು ಹರಾಜಾಗುತ್ತಿದೆ, ಅದರಲ್ಲಿ ಮೂರು ತರಹದ ಮೈಕು ಬರುತ್ತವೆ, ನಿನ್ನ ದನಿಗೆ ಒಗ್ಗುವುದನ್ನು ನೀನೇ ಆರಿಸು, ದೀಪಾವಳಿಯೊಳಗೆ ಹೇಳು ಎಂದ. ಯಾವುದೂ ಒಗ್ಗದಿದ್ದರೆ ಬೇರೊಬ್ಬ ಗುಮಾಸ್ತ ಹೆಸರು ಕರೆಯುತ್ತಾನೆ, ನಾನು ಉಗ್ರಾಣಕ್ಕೆ ಹೋಗಿ ಮೊಳೆ, ಹಗ್ಗ ಎಣಿಸಿಕೊಂಡಿರಬೇಕು.

ಹೋದರೆ ಹೋಗಲಿ, ಈ ಕೆಲಸ ಯಾರಿಗೆ ಬೇಕು ಎಂದು ಅಂದುಕೊಂಡೇ ಮನೆಗೆ ಬಂದೆ. ಆದರೆ ಯಾಕೋ ಊಟ ಸೇರಲಿಲ್ಲ. ಬೇರೆಯವನು ಕರೆದರೆ ಹೇಗೆ ಕರೆದಾನು? ಮುನಿಸ್ವಾಮಪ್ಪನನ್ನೂ ಚಿಕ್ಕಮುನಿಸ್ವಾಮಿಯನ್ನೂ ಅದಲುಬದಲು ಮಾಡಿದರೆ ಎರಡು ಮನೆ ಹಾಳು.

ಬೀದಿಯಲ್ಲಿ ಕನಕಮ್ಮ ಎದುರಾದಳು. ಗಣಿ ಕೆಲಸಗಾರರ ಲೈನಿನಲ್ಲಿ ನನ್ನ ಪಕ್ಕದ ಮನೆಯವಳು, ಮುನಿಸ್ವಾಮಪ್ಪನ ಹೆಂಡತಿ. ನನ್ನನ್ನು ಕಂಡು ಕೊಡ ಕೆಳಗಿಟ್ಟು ಗೋಡೆ ಕಡೆ ತಿರುಗಿ ನಿಂತಳು. ಅವಳ ತಪ್ಪಿಲ್ಲ. ಹೋದ ವರ್ಷ ನಾನೇ ಮೈಮರೆತು, ನಲ್ಲಿಯ ಹತ್ತಿರ ಅವಳ ಗಂಡನನ್ನು ಹೆಸರು ಹಿಡಿದು ಕೂಗಿಬಿಟ್ಟಿದ್ದೆ. ಅವಳು ಮೂರು ದಿನ ಗಂಡನನ್ನು ಕೆಲಸಕ್ಕೆ ಕಳಿಸಲಿಲ್ಲ. ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ ಘಾಟು ನನ್ನ ಮನೆಗೂ ಬಂದಿತ್ತು. ಈ ಲೈನುಗಳಲ್ಲಿ ತನ್ನವರ ಹೆಸರು ನನ್ನ ಬಾಯಲ್ಲಿ ಬರುವುದು ಯಾರಿಗೂ ಬೇಡ. ಅದಕ್ಕೇ ನಾನು ಎಲ್ಲರನ್ನೂ ‘ಅಯ್ಯಾ’, ‘ಅಮ್ಮಾ’ ಎನ್ನುತ್ತೇನೆ. ಅವರೂ ನನ್ನನ್ನು ಏನೆಂದೂ ಕರೆಯುವುದಿಲ್ಲ.

೮ ಸೆಪ್ಟೆಂಬರ್, ಭಾನುವಾರ

ಬಂಗಾರಪೇಟೆಗೆ ಹೋಗಿದ್ದೆ. ತಿಂಗಳ ಎರಡನೆಯ ಭಾನುವಾರ ಸ್ಟೇಷನ್ನಿನ ಹುಣಿಸೆಮರದ ಕೆಳಗೆ ನನ್ನ ಭಾವಮೈದ ದೊಡ್ಡವೆಂಕಟಪ್ಪ ಬೂದಿಕೋಟೆಯಿಂದ ಬಂದು ಕಾಯುತ್ತಾನೆ. ಚೀಲ ಕೊಡುತ್ತಾನೆ. ರಾಗಿಹಿಟ್ಟು, ಹುರುಳಿ, ಒಂದು ಡಬ್ಬಿ ಚಟ್ನಿಪುಡಿ. ನಾನು ಹಿಂದಿನ ತಿಂಗಳ ಖಾಲಿ ಚೀಲ ಕೊಡುತ್ತೇನೆ. ಬರಲಾ ಎನ್ನುತ್ತಾನೆ. ಹ್ಞೂಂ ಎನ್ನುತ್ತೇನೆ. ಮೂರು ವರ್ಷದಿಂದ ಇಷ್ಟೇ.

ಕಳಿಸುವವಳು ನನ್ನ ಹೆಂಡತಿ. ಬೀಸುವವಳೂ ಅವಳೇ ಎಂದು ಹಿಟ್ಟಿನ ನಯದಲ್ಲೇ ಗೊತ್ತಾಗುತ್ತದೆ.

ಬರೆಯುವುದೇ ಆದರೆ ಇದನ್ನೂ ಬರೆದುಬಿಡಬೇಕು. ನಲವತ್ತಮೂರರ ಶ್ರಾವಣದಲ್ಲಿ ಬಂಡೆ ಸಿಡಿದು ಹನ್ನೊಂದು ಜನ ಹೋದರು. ಪಟ್ಟಿ ನನ್ನ ಕೈಗೆ ಬಂದಾಗ ಸಂಜೆ ಆರು ಗಂಟೆ. ಏಳನೆಯದು ಆದಿನಾರಾಯಣ. ನಮ್ಮ ಒಬ್ಬನೇ ಮಗ, ಹತ್ತೊಂಬತ್ತು ವರ್ಷ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಅವನ ಮೊಳೆ ಖಾಲಿ ಇದ್ದದ್ದು ಮಧ್ಯಾಹ್ನದಿಂದ ಕಾಣುತ್ತಿತ್ತು. ಆದರೂ ಪಟ್ಟಿಯಲ್ಲಿ ಕಂಡಾಗ ಬೇರೆ. ಕಟ್ಟೆ ಹತ್ತಿ ಓದಿದೆ. ಒಂದರಿಂದ ಹನ್ನೊಂದು. ದನಿ ಎಲ್ಲೂ ನಿಲ್ಲಲಿಲ್ಲ.

ಅವಳು ಗೇಟಿನಲ್ಲೇ ಇದ್ದಳು. ಹನ್ನೊಂದನೆಯ ದಿನದ ಕರ್ಮ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ದೊಡ್ಡವೆಂಕಟಪ್ಪ ಕರೆದುಕೊಂಡು ಹೋಗಲು ಗಾಡಿ ತಂದಾಗ ಬಾಗಿಲಲ್ಲಿ ನಿಂತು ಕೇಳಿದಳು.

“ಏಳ್ನೇ ಎಸ್ರು ಓದಿದ್ದು ಸರಿ. ಎಂಟ್ನೇದು ಎಂಗೆ ಓದುದ್ರಿ?”

ಜವಾಬಿಗೆ ಕಾಯದೆ ಗಾಡಿ ಹತ್ತಿದಳು. ಅವಳಿಗೆ ಓದು ಬರದು, ಕಾಗದ ಬರೆಯುವ ಹಾಗೂ ಇಲ್ಲ. ಬರೆದರೂ ಏನೆಂದು ಬರೆಯಲಿ?

೧೬ ಸೆಪ್ಟೆಂಬರ್, ಸೋಮವಾರ

ಮೈಕುಗಳು ಬಂದವು. ಎಲೆಕ್ಟ್ರಿಕ್ ಷೆಡ್ಡಿನ ಆರುಮುಗಂ ಜೊತೆಗೆ ನನ್ನನ್ನು ಹಾಕಿದ್ದಾರೆ. ಐವತ್ತೈದರ ಮನುಷ್ಯ, ಬಾಯಿ ತುಂಬ ಎಲೆ ಅಡಿಕೆ, ಬಾಯಿ ಮುಚ್ಚುವ ಅಭ್ಯಾಸ ಇಲ್ಲ. ನನ್ನಂಥವನ ಜೊತೆ ಇವನನ್ನು ಹಾಕಿದ ದೊರೆಗೆ ಏನೆನ್ನಬೇಕು!

ಮೊದಲನೆಯದು ಇದ್ದಿಲಿನ ಮೈಕು. ಟೆಲಿಫೋನಿನ ಒಳಗಿರುವ ಜಾತಿ. ಅದಕ್ಕೆ ಬ್ಯಾಟರಿ ಬೇಕು. ಒಳಗೆ ಇದ್ದಿಲಿನ ಹರಳು ಗಟ್ಟಿಯಾದರೆ ದನಿ ಕಟ್ಟಿಕೊಳ್ಳುತ್ತದೆ, ಬೆರಳಿನಿಂದ ತಟ್ಟಿ ಸಡಿಲ ಮಾಡಬೇಕು. ನಾನು ಷೆಡ್ಡಿನೊಳಗೆ ಕೂತು ಒಂದು, ಎರಡು, ಮೂರು ಎಂದೆ. ಆರುಮುಗಂ ಹೊರಗೆ ಹಾರ್ನಿನ ಕೆಳಗೆ ನಿಂತು ಕೇಳಿದ. ಒಳಗೆ ಬಂದು ತಲೆಯಾಡಿಸಿದ. ನಂಬರಿನಿಂದ ಏನೂ ಗೊತ್ತಾಗುವುದಿಲ್ಲ, ಗೇಟಿನಲ್ಲಿ ಹೇಳುವುದು ಹೆಸರು ತಾನೇ, ಹೆಸರು ಹೇಳಿ ಎಂದ.

ಯಾರ ಹೆಸರು ಹೇಳಲಿ? ಹಾರ್ನು ಬೀದಿಗೆ ಕೇಳಿಸುತ್ತದೆ. ಬದುಕಿರುವವರ ಹೆಸರು ನನ್ನ ದನಿಯಲ್ಲಿ ಬಂದರೆ ಲೈನಿನ ಹೆಂಗಸರು ಪೊರಕೆ ಹಿಡಿದು ಬರುತ್ತಾರೆ. ಕೊನೆಗೆ ನಲವತ್ತಮೂರರ ಪಟ್ಟಿಯನ್ನೇ ಹೇಳಿದೆ. ಅದು ಬಾಯಿಪಾಠ, ಬೇಡವೆಂದರೂ ಬರುತ್ತದೆ. ಆರರ ತನಕ ಹೇಳಿದೆ. ಪರೀಕ್ಷೆಗೆ ಅಷ್ಟು ಸಾಕು.

ಆರು ಹೆಸರೂ ಒಂದೇ ಗೊರಕೆಯಂತೆ ಕೇಳಿಸಿದವಂತೆ. ಆರುಮುಗಂ ಮಾತಾಡಿದಾಗ ನಾನು ಹೊರಗೆ ನಿಂತು ಕೇಳಿದೆ. ಅವನೂ ನನ್ನ ಹಾಗೇ ಇದ್ದ. ಈ ಮೈಕಿಗೆ ಮನುಷ್ಯರ ಗುರುತೇ ಇಲ್ಲ. ಬೇಡ.

೧೯ ಸೆಪ್ಟೆಂಬರ್, ಗುರುವಾರ

ಎರಡನೆಯದು ರಿಬ್ಬನ್ ಮೈಕು. ಅಬ್ಬಾ, ಏನು ವಸ್ತು! ದೊಡ್ಡ ಮಾತ್ರೆಯಂತೆ ಉದ್ದಕ್ಕಿದೆ, ಬೆಳ್ಳಿಯ ಜಾಲರಿ. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಲೋಹದ ಪಟ್ಟಿಯೊಂದು ನೇತಾಡುತ್ತದಂತೆ. ಇದರ ಮುಂದೆ ಸೀನಲೂ ಬಾರದು ಎಂದು ಆರುಮುಗಂ ಎಚ್ಚರಿಸಿದ.

ಅವನನ್ನು ಒಳಗೆ ಕೂರಿಸಿ ಮಾತಾಡಿಸಿದೆ, ಹೊರಗೆ ಕೇಳಿದೆ. ಅವನ ಬಾಯೊಳಗಿನ ಎಲೆ ಅಡಿಕೆ ಸಹ ಕೇಳಿಸಿತು. ಆಮೇಲೆ ನಾನು ಹೇಳಿದೆ, ಆರರ ತನಕ. ಅವನು ಒಳಗೆ ಬಂದು, ಇಪ್ಪತ್ತು ವರ್ಷದ ಹಿಂದೆ ಹೀಗೇ ಇತ್ತು ನಿಮ್ಮ ದನಿ ಎಂದ. ಮನಸ್ಸಿಗೆ ಹಿತವಾಯಿತು. ಯಾಕೆ ಸುಳ್ಳು ಬರೆಯಲಿ, ಬಹಳ ಹಿತವಾಯಿತು.

ಒಂದೇ ತೊಂದರೆ. ಅದಕ್ಕೆ ಮುಂದೆ ಹಿಂದೆ ಎರಡೂ ಕಡೆ ಕಿವಿ. ಬೆನ್ನ ಹಿಂದಿನ ಮಿಲ್ಲಿನ ಕುಟ್ಟುವಿಕೆಯೂ ದನಿಯ ಜೊತೆಗೆ ಹಾರ್ನಿಗೆ ಬರುತ್ತದೆ. ನಡುವೆ ಗೋಡೆ ಕಟ್ಟಿಸಿದರಾಯಿತು. ನನಗೆ ಇದೇ ಬೇಕು.

೨೧ ಸೆಪ್ಟೆಂಬರ್, ಶನಿವಾರ

ಮತ್ತೆ ರಿಬ್ಬನ್. ಆರರ ತನಕ. ಏಳನೆಯದು ಯಾರು ಅಣ್ಣೇ, ಯಾಕೆ ಅಲ್ಲೇ ನಿಲ್ಲಿಸುತ್ತೀರಿ ಎಂದು ಆರುಮುಗಂ ಕೇಳಿದ. ಗಂಟಲು ನೋಯುತ್ತದೆ ಎಂದೆ. ಅವನಿಗೆ ಗೊತ್ತಿಲ್ಲದೆ ಏನು. ಎಲೆಗೆ ಸುಣ್ಣ ಹಚ್ಚುತ್ತಾ ಕೂತ, ಮತ್ತೆ ಕೇಳಲಿಲ್ಲ.

೪ ಅಕ್ಟೋಬರ್, ಶುಕ್ರವಾರ

ಆಯುಧಪೂಜೆ. ಹಾಳಾಯಿತು.

ಷೆಡ್ಡಿನ ಮೋಟರು, ಇಕ್ಕಳ, ಸುತ್ತಿಗೆ ಎಲ್ಲಕ್ಕೂ ಪೂಜೆ ಮಾಡುತ್ತಾ ಆರುಮುಗಂ ಮೈಕುಗಳನ್ನೂ ಸಾಲಾಗಿ ಇಟ್ಟಿದ್ದ. ರಿಬ್ಬನ್ ಚೆಂದ ಇದೆಯಲ್ಲ, ಅದಕ್ಕೆ ಬೇರೆ ಗೌರವ: ಜಾಲರಿಯ ನಡುವೆ ಮೂರು ಪಟ್ಟೆ ವಿಭೂತಿ, ದೊಡ್ಡ ಕುಂಕುಮ. ಮಂಗಳಾರತಿ ಮುಗಿದ ಮೇಲೆ ನಾನು ನೋಡಿದೆ. ವಿಭೂತಿ ಪುಡಿ ಒಳಗೆ ಇಳಿಯುತ್ತಿದೆ. ಅಯ್ಯೋ ಎಂದು ಕೈಗೆ ತೆಗೆದುಕೊಂಡು, ದೇವರ ಮನೆಯ ಫೋಟೋ ಮೇಲಿನ ಧೂಳಿಗೆ ಊದುವ ಹಾಗೆ ಬಾಯಿ ಹತ್ತಿರ ಇಟ್ಟು ಉಫ್ ಎಂದು ಊದಿಬಿಟ್ಟೆ. ಹಾರ್ನಿನಲ್ಲಿ ಡಬ್ ಎಂದು ಒಂದು ಸದ್ದು. ಅಷ್ಟೇ. ಆಮೇಲೆ ಅದು ಮಾತಾಡಲಿಲ್ಲ.

ಪಟ್ಟಿ ಹರಿದಿದೆ. ವಿಭೂತಿ ಹಚ್ಚಿದ್ದು ಅವನು, ಊದಿದ್ದು ನಾನು. ಮೈಕಿಗೆ ವಿಭೂತಿ ಬಳಿಯುವ ಮುಟ್ಠಾಳ ಎಂದು ನಾನು ಬೈದೆ. ಸೀನಬೇಡಿ ಅಂದರೆ ಊದುವ ಗುಮಾಸ್ತ ಎಂದು ಅವನು ಬೈದ. ನಾನು ಇಷ್ಟು ಜೋರಾಗಿ ಒಬ್ಬರ ಜೊತೆ ಜಗಳ ಆಡಿ ಎಷ್ಟು ವರ್ಷವಾಯಿತೋ. ಕೊನೆಗೆ ಇಬ್ಬರಿಗೂ ನಗು ಬಂತು. ಅವನ ಹೆಂಡತಿ ಕಳಿಸಿದ ಪೊಂಗಲ್ಲನ್ನು ಇಬ್ಬರೂ ಒಂದೇ ಎಲೆಯಲ್ಲಿ ತಿಂದೆವು.

ಮನೆಗೆ ಬಂದ ಮೇಲೆ ಬೇಜಾರು ಹಿಡಿಯಿತು. ನನ್ನ ದನಿ ಸಿಕ್ಕಿತ್ತು, ನಾನೇ ಊದಿ ಕಳೆದುಕೊಂಡೆ.

೭ ಅಕ್ಟೋಬರ್, ಸೋಮವಾರ

ಉಳಿದದ್ದು ಮೂರನೆಯದು. ಡೈನಮಿಕ್ಕು. ನೋಡಲು ಏನೂ ಇಲ್ಲ, ಕಾಫಿ ಲೋಟದ ಗಾತ್ರದ ಕಪ್ಪು ಗುಂಡು. ಒಳಗೆ ಅಯಸ್ಕಾಂತ, ಅದರ ನಡುವೆ ಸಣ್ಣ ತಂತಿಯ ಸುರುಳಿ. ದನಿ ಬಿದ್ದರೆ ಸುರುಳಿ ಅಲುಗುತ್ತದೆ, ಅಷ್ಟೇ. ಬ್ಯಾಟರಿ ಬೇಡ. ಆರುಮುಗಂ ಅದನ್ನು ಬೆಂಚಿನ ಮೇಲಿಂದ ಬೇಕೆಂದೇ ಬೀಳಿಸಿ ತೋರಿಸಿದ. ಏನೂ ಆಗಲಿಲ್ಲ. ಊದಿ ಎಂದ. ಊದಿದೆ. ಅದಕ್ಕೂ ಏನೂ ಆಗಲಿಲ್ಲ.

ನಾನು ಗೇಟಿನಲ್ಲಿ ಕೂಗುವ ಹಾಗೇ ಕೂಗಿದೆ. ಹಾರ್ನು ಒಡೆದ ಮಡಕೆಯಂತೆ ಕಿರುಚಿತು. ಆರುಮುಗಂ ಓಡಿ ಬಂದ.

“ಅಣ್ಣೇ, ಇದಕ್ಕೆ ಕೂಗಬೇಡಿ. ಬಾಯಿ ಹತ್ರ ಇಟ್ಕೊಂಡು, ಮನೇಲಿ ಮಾತಾಡೋ ಹಾಗೆ ಮಾತಾಡಿ. ಹತ್ರ ಇರೋದನ್ನೇ ಇದು ಚೆನ್ನಾಗಿ ಕೇಳೋದು. ಮಿಲ್ಲು ದೂರ ಇದೆ, ಅದರ ಸದ್ದು ಕಮ್ಮಿ ಬೀಳ್ತದೆ.”

ಮನೆಯಲ್ಲಿ ಮಾತಾಡುವ ಹಾಗೆ! ಮನೆಯಲ್ಲಿ ನಾನು ಯಾರ ಜೊತೆ ಮಾತಾಡುತ್ತೇನೆ, ಸೌದೆ ಜೊತೆಯೇ? ಅದೂ ಹೋಗಲಿ, ಅವಳು ಇದ್ದಾಗ ತಾನೇ ಏನು ಮಾತಾಡಿದ್ದೆ? ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳನ್ನು ಒಂದು ಸಲ ಹೆಸರಿಟ್ಟು ಕರೆದದ್ದಿಲ್ಲ. ‘ಇವಳೇ’ ಎನ್ನುವುದು, ಇಲ್ಲದಿದ್ದರೆ ಕೆಮ್ಮುವುದು.

೯ ಅಕ್ಟೋಬರ್, ಬುಧವಾರ

ಸಣ್ಣಗೆ ಮಾತಾಡಲು ಬರುತ್ತಿಲ್ಲ. ಬಾಯಿ ತೆರೆದರೆ ಕೂಗೇ ಬರುತ್ತದೆ. ಜೊತೆಗೆ ಇನ್ನೊಂದು ಪೀಡೆ: ನಮ್ಮ ಕಡೆಯ ಗಂಡಸರ ಹೆಸರೆಲ್ಲ ‘ಅಪ್ಪ’ದಲ್ಲೇ ಮುಗಿಯುತ್ತವೆ. ತುಟಿ ಬಿಚ್ಚಿದ ಗಾಳಿ ಮೈಕಿಗೆ ಬಡಿದು, ಪ್ರತಿ ಹೆಸರಿನ ಕೊನೆಗೂ ಹಾರ್ನಿನಲ್ಲಿ ಡಮ್ ಎನ್ನುತ್ತದೆ. ಹೆಸರಿನ ಹಿಂದೆಯೇ ಗುಂಡು ಹಾರಿಸಿದ ಹಾಗೆ. ಕೇಳುವ ತಾಯಿಯರ ಗತಿ ಏನು?

ಆರುಮುಗಂ ಮೈಕನ್ನು ಬಾಯಿಗೆ ನೇರ ಇಡದೆ ಒಂದು ಬದಿಗೆ ಇಡಿಸಿದ. ಹಳೆಯ ಮೆತ್ತನೆ ಬಟ್ಟೆ ಸುತ್ತಿದರೆ ಪೂರಾ ಹೋಗುತ್ತದೆ ಎಂದ. ಮನೆಯಲ್ಲಿ ಪೆಟ್ಟಿಗೆ ತೆಗೆದೆ. ಅವಳು ಬಿಟ್ಟುಹೋದ ಹಸಿರು ನೂಲಿನ ಸೀರೆ, ಒಗೆದು ಒಗೆದು ಸವೆದದ್ದು. ಸೆರಗಿನ ತುದಿಯಲ್ಲಿ ಒಂದು ಗೇಣು ಹರಿದೆ. ಅವಳು ಬಂದರೆ ಬೈಯುತ್ತಾಳೆ.

೧೩ ಅಕ್ಟೋಬರ್, ಭಾನುವಾರ

ಬಂಗಾರಪೇಟೆ. ದೊಡ್ಡವೆಂಕಟಪ್ಪ ಚೀಲ ಕೊಟ್ಟ. ಬರಲಾ ಎಂದ. ಹೇಗಿದ್ದಾಳೆ ಎಂದೆ.

ಅವನು ಹೊರಟವನು ನಿಂತ. ಮೂರು ವರ್ಷದಲ್ಲಿ ಮೊದಲನೆಯ ಸಲ ಕೇಳಿದಿರಿ ಭಾವ ಎಂದ. ಮಂಡಿ ನೋವಂತೆ, ಬೀಸುವಾಗ ಒಂದು ಕಾಲು ಚಾಚಿಕೊಂಡು ಕೂರುತ್ತಾಳಂತೆ. ನೀವು ಕೇಳಿದಿರಿ ಅಂತ ಹೇಳುತ್ತೇನೆ ಎಂದ. ಬೇಡ ಎನ್ನಲು ಹೊರಟೆ, ಅಷ್ಟರಲ್ಲಿ ನನ್ನ ರೈಲು ಶಿಳ್ಳೆ ಹಾಕಿತು.

೧೫ ಅಕ್ಟೋಬರ್, ಮಂಗಳವಾರ

ಮೈಕನ್ನು ಗೇಟಿನ ಟೈಂ ಆಫೀಸಿಗೆ ತಂದು ಕೂರಿಸಿದರು. ಬಿಲ್ಲೆಯ ಹಲಗೆ ಪಕ್ಕದಲ್ಲೇ ಮೇಜು, ಮೇಜಿನ ಮೇಲೆ ಹಸಿರು ಬಟ್ಟೆ ಸುತ್ತಿದ ಕಪ್ಪು ಗುಂಡು. ಬೀದಿಗೆ ಕೇಳಿಸದಿರಲಿ ಎಂದು ಹಾರ್ನಿನ ಬದಲು ಕಿವಿಗೆ ಹಾಕುವ ಯಂತ್ರ ಜೋಡಿಸಿಕೊಂಡು ಆರುಮುಗಂ ಆಚೆ ಕೋಣೆಯಲ್ಲಿ ಕೂತ. ಈ ಕೋಣೆಯಲ್ಲಿ ನಾನೊಬ್ಬನೇ.

ಬಟ್ಟೆಗೆ ಇನ್ನೂ ಅವಳ ಪೆಟ್ಟಿಗೆಯ ವಾಸನೆ ಇತ್ತು. ಸಣ್ಣಗೆ ಶುರುಮಾಡಿದೆ. ಒಂದು, ಎರಡು, ಹೀಗೆ ಹೆಸರುಗಳು. ಆರು ಆಯಿತು. ಏಳನೆಯದೂ ಬಂತು. ಆದಿನಾರಾಯಣ. ಅವನು ಆಚೆ ಹಜಾರದಲ್ಲಿ ಮಲಗಿದ್ದರೆ ಊಟಕ್ಕೆ ಏಳಪ್ಪಾ ಎಂದು ಕರೆಯುವ ಹಾಗೆ ಬಂತು.

ಎಂಟನೆಯದು ಬರಲಿಲ್ಲ. ಬಾಯಿಪಾಠ ಇದ್ದದ್ದೇ. ರಾಮಚಂದ್ರಪ್ಪ, ಗೊತ್ತು. ಎಷ್ಟು ಹೊತ್ತು ಕೂತರೂ ಬರಲಿಲ್ಲ. ಆರುಮುಗಂ ಈಚೆಗೆ ಬರಲಿಲ್ಲ, ಮೈಕು ಕೆಟ್ಟಿತೇ ಎಂದು ಕೇಳಲೂ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬಾಗಿಲಲ್ಲಿ ನಿಂತು, ಇದೇ ಸಾಕು ಅಣ್ಣೇ, ಇದೇ ಇರಲಿ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಸುಣ್ಣದ ಖಾರ ಎಂದ.

ದೊರೆಗೆ ಡೈನಮಿಕ್ ಎಂದು ಬರೆದುಕೊಟ್ಟೆ. ಸಂಜೆಗೆ ಆರುಮುಗಂ ಮೈಕಿನ ತಂತಿಯನ್ನು ಗೇಟಿನ ಹಾರ್ನಿಗೆ ಜೋಡಿಸಿದ.

೧೭ ಅಕ್ಟೋಬರ್, ಗುರುವಾರ

ಬೆಳಗ್ಗೆ ಹನ್ನೊಂದಕ್ಕೆ ಹಲಗೆಯ ಮೇಲಿನ ಬಿಲ್ಲೆಗಳೆಲ್ಲ ಒಂದೇ ಸಲ ಗಲಗಲ ಎಂದವು. ಆಮೇಲೆ ನೆಲದೊಳಗಿನ ಸದ್ದು. ಸೈರನ್. ಕಾಲು ಗಂಟೆಯೊಳಗೆ ಗೇಟಿನಲ್ಲಿ ಇನ್ನೂರು ಹೆಂಗಸರು. ಯಾರೂ ಮಾತಾಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಮೌನ ನನಗೆ ಗೊತ್ತು. ಕಿಟಕಿಯಲ್ಲಿ ಮೊದಲಿನ ಸಾಲಿನಲ್ಲೇ ಕನಕಮ್ಮ ಕಂಡಳು, ಕಂಬಿ ಹಿಡಿದುಕೊಂಡಿದ್ದಳು.

ಕೆಳಗೆ ನೂರ ಇಪ್ಪತ್ತೆಂಟು ಜನ.

ಜನರನ್ನು ಇಳಿಸಿ ಎತ್ತುವ ಕಬ್ಬಿಣದ ತೊಟ್ಟಿಲು ಮೊದಲ ಸಲ ಮೇಲೆ ಬಂತು. ಎಂಟು ಜನ, ಮೈಯೆಲ್ಲ ಬೂದಿಧೂಳು. ಮೊದಲು ಬಿಲ್ಲೆ ನೀಡಿದವನು ಮುನಿಸ್ವಾಮಪ್ಪ. ಬಿಲ್ಲೆ ಬಿಸಿಯಾಗಿತ್ತು. ಮೊಳೆಗೆ ಹಾಕಲು ಕೈ ಎತ್ತಿದೆ, ಕಿಟಕಿಯಲ್ಲಿ ಅವಳ ಮುಖ ನೋಡಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ಮೈಕಿಗೆ ಬಗ್ಗಿ, ಸಣ್ಣಗೆ, ಮುನಿಸ್ವಾಮಪ್ಪ ಎಂದೆ.

ಹಾರ್ನಿನಿಂದ ಬಂದ ಆ ಹೆಸರು ಇಡೀ ಗೇಟಿಗೆ ಸ್ಪಷ್ಟವಾಗಿ ಕೇಳಿಸಿತು. ಕನಕಮ್ಮ ಕಂಬಿ ಬಿಟ್ಟು ನೆಲಕ್ಕೆ ಕುಸಿದಳು. ಎದೆ ಎದೆ ಬಡಿದುಕೊಂಡಳು. ಸುತ್ತಲಿನವರು ಅವಳ ಕೈಯ ಬಳೆಗಳ ಮೇಲೆ ಕೈಯಿಟ್ಟು ಅಳತೊಡಗಿದರು. ಆಗ ನನಗೆ ನಾನು ಮಾಡಿದ ಅನಾಹುತ ಹೊಳೆಯಿತು. ನನ್ನ ಬಾಯಲ್ಲಿ ಹೆಸರು ಬಂದರೆ ಅದಕ್ಕೆ ಈ ಊರಿನಲ್ಲಿ ಒಂದೇ ಅರ್ಥ.

“ಅಮ್ಮಾ, ಅಳ್ಬೇಡಿ. ಬಂದವ್ನೆ. ಮ್ಯಾಲೆ ಬಂದವ್ನೆ. ಅವ್ನ ಬಿಲ್ಲೆ ನನ್ ಕೈಯಾಗದೆ.”

ನಂಬಲಿಲ್ಲ. ಮುನಿಸ್ವಾಮಪ್ಪನನ್ನೇ ತೋಳು ಹಿಡಿದು ಎಳೆದುಕೊಂಡು ಹೋಗಿ ಕಿಟಕಿಯಲ್ಲಿ ನಿಲ್ಲಿಸಿದೆ. ಅವಳು ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಹಿಂದಿನ ಸಾಲಿನಿಂದ ಯಾರೋ ಮುದುಕಿ ಕೂಗಿದಳು, ಇನ್ಯಾರು ಬಂದವ್ರೆ ಯೋಳಪ್ಪಾ ಎಂದು.

ಹೇಳಿದೆ. ಎರಡನೆಯವನು, ಮೂರನೆಯವನು. ಬಿಲ್ಲೆ ಕೈಗೆ ಬಂದ ಹಾಗೆಲ್ಲ ಹೆಸರು, ಹಿಂದೆಯೇ ‘ಬಂದಿದ್ದಾನೆ’. ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲ? ಹೊಳೆದಿದ್ದರೂ ಆಗುತ್ತಿರಲಿಲ್ಲ. ಕೂಗುವ ಗಂಟಲಿಗೆ ಹತ್ತು ಹದಿನೈದು ಹೆಸರು ಸಾಧ್ಯ, ನೂರಾರು ಸಾಧ್ಯವೇ? ಅದಕ್ಕೇ ಸತ್ತವರನ್ನಷ್ಟೇ ಕರೆಯುವ ಪದ್ಧತಿ ಬಂದಿರಬೇಕು. ಅವರು ಕಡಿಮೆ.

ಮೂರು ಗಂಟೆ ಹೊತ್ತು ಹೇಳಿದೆ. ಆರುಮುಗಂ ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತಿದ್ದ. ಒಂದೊಂದು ಹೆಸರಿಗೂ ಗುಂಪಿನ ಒಂದು ಮೂಲೆಯಿಂದ ಅಳು ಬರುತ್ತಿತ್ತು, ಸಂತೋಷದ ಅಳು. ನೂರ ಇಪ್ಪತ್ತಾರು.

ಎರಡು ಮೊಳೆ ಖಾಲಿ ಉಳಿದವು. ಪಟ್ಟಿ ತಂದುಕೊಟ್ಟರು. ನಾನು ಕಟ್ಟೆ ಹತ್ತಲಿಲ್ಲ. ಮೈಕಿನ ತಂತಿ ಕಳಚಿಟ್ಟು ಗುಂಪಿನೊಳಗೆ ನಡೆದೆ. ಉಳಿದವರು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು, ದಾರಿ ಬಿಟ್ಟರು. ಎರಡು ಮನೆಯವರ ಹತ್ತಿರವೂ ನೆಲದ ಮೇಲೆ ಕೂತು ನಾನೇ ಹೇಳಿದೆ. ಒಬ್ಬ ತಾಯಿ ನನ್ನ ಅಂಗಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಆ ಮನೆಯವರಿಂದ ಎರಡನೆಯ ಮನೆಯವರ ಹತ್ತಿರ ಹೋಗಲು ನನಗೆ ಅರ್ಧ ಗಂಟೆ ಬೇಕಾಯಿತು.

೨೦ ಅಕ್ಟೋಬರ್, ಭಾನುವಾರ

ದನಿ ಇಲ್ಲ. ಮೂರು ದಿನದಿಂದ ಗಾಳಿ ಮಾತ್ರ ಬರುತ್ತಿದೆ. ಡಾಕ್ಟರು ಬೈದರು, ಆದರೆ ಹಿಂತಿರುಗಿ ಬರುತ್ತದೆ ಎಂದರು.

ಕನಕಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಮುದ್ದೆ, ಸೊಪ್ಪಿನ ಸಾರು. ಇಟ್ಟು ಹೋಗದೆ ನಿಂತಳು. ತನ್ನ ಗಂಡ ನಾಳೆಯಿಂದ ಕೆಲಸಕ್ಕೆ ಇಳಿಯುತ್ತಾನಂತೆ. ನೆಲ ನೋಡುತ್ತಾ, ಬಿಲ್ಲೆ ಕೊಡುವಾಗ ಒಂದು ಸಲ ಹೆಸರು ಹೇಳಿ ಕೊಡಿ ಎಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ತಲೆಯಾಡಿಸಿದೆ. ಹೋಗುವಾಗ ಕೋದಂಡಪ್ಪನೋರೇ, ಪಾತ್ರೆ ಆಮೇಲೆ ತಕ್ಕೋತೀನಿ ಎಂದಳು.

ಸಾರಿಗೆ ಉಪ್ಪು ಜಾಸ್ತಿ. ಎಲ್ಲ ತಿಂದೆ.

೨೫ ಅಕ್ಟೋಬರ್, ಶುಕ್ರವಾರ

ದೀಪಾವಳಿಯ ಮಾರನೆಯ ದಿನ, ಎರಡನೆಯ ಭಾನುವಾರವಲ್ಲ. ಆದರೂ ಖಾಲಿ ಚೀಲ ತೆಗೆದುಕೊಂಡು ಬೆಳಗಿನ ರೈಲು ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದು ಬೂದಿಕೋಟೆಯ ಬಸ್ಸು ಹಿಡಿದೆ. ಮೂರು ವರ್ಷ ಸ್ಟೇಷನ್ನಿನ ಹುಣಿಸೆಮರದ ತನಕ ಬಂದು ತಿರುಗಿಹೋಗುತ್ತಿದ್ದವನು.

ಭಾವಮೈದನ ಮನೆ ಬಾಗಿಲು ತೆರೆದಿತ್ತು. ಒಳಗೆ ಬೀಸುವ ಕಲ್ಲಿನ ಸದ್ದು. ಹೊಸಲಿನ ಹೊರಗೆ ನಿಂತೆ. ಕೆಮ್ಮಲು ಹೋದೆ, ಕೆಮ್ಮಲಿಲ್ಲ. ದನಿ ಇನ್ನೂ ಅರ್ಧವಷ್ಟೇ ಬಂದಿತ್ತು. ಮೈಕಿಗೆ ಹೇಳುವ ಹಾಗೆ ಸಣ್ಣಗೆ, ಅವಳ ಹೆಸರು ಹಿಡಿದು, ಅಕ್ಕಯ್ಯಮ್ಮ ಎಂದೆ.

ಕಲ್ಲು ನಿಂತಿತು. ಗೋಡೆ ಹಿಡಿದುಕೊಂಡು ಬಂದಳು. ತಲೆ ಪೂರಾ ಬೆಳ್ಳಗಾಗಿದೆ. ನನ್ನ ಗಂಟಲಿಗೇನಾಯಿತು ಎಂದು ಕೇಳಿದಳು. ಅದಕ್ಕೆ ಜವಾಬು ಕೊಡದೆ, ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದನ್ನು ಹೇಳಿದೆ.

“ಮೊನ್ನೆ ಓದಕ್ಕೋದೆ. ಏಳ್ನೇದು ಬಂತು. ಎಂಟ್ನೇದು ಬರ್ನಿಲ್ಲ ಕಣೇ. ಎಷ್ಟೊತ್ತು ಕೂತ್ರೂ ಬರ್ನಿಲ್ಲ.”

ಅವಳು ಹೊಸಲಿನ ಮೇಲೆ ಕೂತಳು, ಒಂದು ಕಾಲು ಚಾಚಿಕೊಂಡು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಮೆಟ್ಟಿಲ ಮೇಲೆ ಕೂತೆ. ಅವಳೇ ಮಾತಾಡಿದಳು.

“ಆ ಎಂಟ್ನೇ ಎಸ್ರಿನೋನ ತಾಯಿ ನನ್ ಪಕ್ಕದಾಗೇ ನಿಂತಿದ್ಲು. ನನ್ ಕೈ ಇಡ್ಕೊಂಡಿದ್ಲು. ನೀವು ಅಲ್ಲೇ ನಿಲ್ಸುಬುಟ್ಟಿದ್ರೆ ಅವ್ಳು ತನ್ ಮಗ ಬದುಕವ್ನೆ ಅಂದ್ಕೊಂಡು ಮನೀಗೋಗ್ತಿದ್ಲು. ಇಲ್ಲಿಗ್ ಬಂದು ಒಂದ್ ತಿಂಗ್ಳಿಗೇ ಇದು ಒಳೀತು ನಂಗೆ. ಯೋಳಾಣ ಅಂದ್ರೆ ನೀವು ಬರ್ಲೇ ಇಲ್ಲ.”

ನೀನು ಕರೆಯಲಿಲ್ಲ ಎಂದು ನಾನು, ನಾನು ಬರಲಿಲ್ಲ ಎಂದು ಅವಳು. ಮೂರು ವರ್ಷ ಚೀಲವೊಂದೇ ಓಡಾಡಿತು.

ಮಗನ ಹೆಸರು ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅವಳೂ ಹೇಳಿದಳು. ಆಮೇಲೆ ಇಬ್ಬರೂ ಅತ್ತೆವು, ಹಗಲು ಹೊತ್ತಿನಲ್ಲಿ, ಬೀದಿ ಬಾಗಿಲಲ್ಲಿ ಕೂತು. ದೊಡ್ಡವೆಂಕಟಪ್ಪ ಎಮ್ಮೆ ಹಿಡಿದುಕೊಂಡು ಬಂದವನು ನಮ್ಮನ್ನು ನೋಡಿ ಹಿತ್ತಲ ಕಡೆಗೆ ತಿರುಗಿಸಿಕೊಂಡು ಹೋದ.

ಸೀರೆಯ ಸೆರಗು ಹರಿದ ವಿಚಾರ ಊಟ ಬಡಿಸುವಾಗ ಹೇಳಿದೆ. ಹಸಿರಿದೇ ಸಿಕ್ತಾ ನಿಮ್ಗೆ ಎಂದು ಬೈದಳು. ಅಂದುಕೊಂಡಿದ್ದೆ.

ಬಸ್ಸಿನ ಹೊತ್ತಾಯಿತು. ಖಾಲಿ ಚೀಲ ಕೊಟ್ಟೆ. ಒಳಗೆ ತೆಗೆದುಕೊಂಡು ಹೋದಳು, ತಡವಾಗಿ ಬಂದಳು. ಚೀಲ ಹಗುರವಾಗಿತ್ತು. ಬಿಚ್ಚಿ ನೋಡಿದೆ. ಎರಡು ಸೀರೆ, ಒಂದು ಬಾಚಣಿಗೆ, ಮಂಡಿಗೆ ಹಚ್ಚುವ ಎಣ್ಣೆ.

ಹಿಟ್ಟೆಲ್ಲಿ ಎಂದೆ. ಅಲ್ಲೇ ಬೀಸ್ಕೊಂಡ್ರಾಯ್ತು, ನಡೀರಿ ಎಂದಳು.